ಎರಡನೆಯ ಪೆಟ್ಟು

ಗಾಳಿ ಎದುರಿನಿಂದ ಬರುತ್ತಿತ್ತು. ಸ್ವೀಡನ್ನಿನ ಲುಂಡ್‌ನಲ್ಲಿ ಸೈಕಲ್ಲನ್ನು ಯಾವ ಕಡೆಗೆ ತಿರುಗಿಸಿದರೂ ಗಾಳಿ ಎದುರಿಗೇ ಬಂದು ನಿಲ್ಲುತ್ತದೆ ಎಂದು, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಸೋಮಶೇಖರ ಯಾರ ಬಳಿಯೋ ಹೇಳಿ ನಕ್ಕಿದ್ದ. ಈಗ ನಗು ಬರುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಪೆಡಲ್ ತುಳಿಯುತ್ತಿದ್ದ. ದವಡೆ ನೋಯುತ್ತಿದೆ ಎಂಬುದು ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಾಗಲೇ ತಿಳಿದದ್ದು. ಶುಕ್ರವಾರದಿಂದಲೂ ಹೀಗೇ. ಒಂದು ವಾಕ್ಯವನ್ನು ದವಡೆಯಲ್ಲಿಟ್ಟುಕೊಂಡು ಅಗಿಯುತ್ತಿದ್ದ: ಈ ಅಭ್ಯರ್ಥಿಯ ಸ್ವಂತ ಕೊಡುಗೆ ಯಾವುದೆಂದು ಬೇರ್ಪಡಿಸಿ ನೋಡುವುದು ಕಷ್ಟ. ವಿಶ್ವವಿದ್ಯಾಲಯದ ಲೆಕ್ಚರರ್ ಹುದ್ದೆಗೆ ಅರ್ಜಿ ಹಾಕಿದವರನ್ನು ಹೊರಗಿನ ಪ್ರೊಫೆಸರರು ತೂಗಿ ನೋಡಿ, ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ, ಆ ವರದಿಯನ್ನು ಅರ್ಜಿದಾರರೆಲ್ಲರಿಗೂ ಕಳಿಸುತ್ತಾರೆ. ಇಲ್ಲಿ ಮುಚ್ಚುಮರೆಯಿಲ್ಲ, ಅವಮಾನ ಕೂಡ ಎಲ್ಲರಿಗೂ ಕಾಣುವಂತೆ ಬೆಳಕಿನಲ್ಲೇ ಆಗಬೇಕು. ಮೊದಲ ಹೆಸರು ತನ್ನದೇ ವಿಭಾಗದ ಮಧುಸೂದನ್‌ನದು. ಎರಡನೆಯದು ತನ್ನದು. ಹುದ್ದೆ ಒಂದೇ. ವಸಂತ ಬರುವಷ್ಟರಲ್ಲಿ ಸೋಮಶೇಖರನ ಗುತ್ತಿಗೆ ಮುಗಿಯುತ್ತದೆ, ಅದರ ಬೆನ್ನಿಗೇ ಈ ದೇಶದಲ್ಲಿ ಇರುವ ಪರವಾನಗಿಯೂ.

ವರದಿ ಬಂದ ದಿನ ಮಧ್ಯಾಹ್ನದ ಫೀಕಾಗೆ, ಇಲ್ಲಿನವರ ಕಾಫಿ ವಿರಾಮಕ್ಕೆ, ಮಧುಸೂದನ್ ತಾನೇ ಕೇಕು ತಂದಿದ್ದ. ವಿಭಾಗದವರೆಲ್ಲ ಕಾಫಿ ಕಪ್ಪು ಹಿಡಿದು ಸುತ್ತ ನಿಂತಿದ್ದಾಗ ಹಸಿರು ಸಕ್ಕರೆ ಹೊದಿಕೆಯನ್ನು ಕೊಯ್ದು ಮೊದಲ ತುಂಡನ್ನು ಸೋಮಶೇಖರನ ಮುಂದೆ ಹಿಡಿದು, "ಏನ್ಲೇ ಸೋಮ್ಯಾ, ಮಾರಿ ಯಾಕ ಸಣ್ಣ ಮಾಡೀಯಲೇ, ತಿನ್ನಲೇ" ಎಂದ. ಸ್ವೀಡಿಷರು ಏನೂ ತಿಳಿಯದಿದ್ದರೂ ಅವನು ನಕ್ಕಿದ್ದನ್ನು ನೋಡಿ ನಕ್ಕರು. ಮಧುಸೂದನ್ ಮಲ್ಲೇಶ್ವರದವನು. ಈ ಲೇ, ಸೋಮ್ಯಾಗಳೆಲ್ಲ ಸಿನಿಮಾದ ಹಾಸ್ಯಪಾತ್ರಗಳಿಂದ ಹೆಕ್ಕಿದ್ದವು. ಗದಗಿನಲ್ಲಿ ಹುಟ್ಟಿದ ಸೋಮಶೇಖರ ತನ್ನ ಮಾತನ್ನು ಎಂದೋ ತೇಯ್ದು ನಯಮಾಡಿಕೊಂಡು ಬೆಂಗಳೂರಿನವರ ಹಾಗೆ ಹೋಗ್ತೀನಿ, ಬರ್ತೀನಿ ಎನ್ನುವುದನ್ನು ಕಲಿತಿದ್ದ. ಅವನು ಬಿಟ್ಟ ಭಾಷೆಯನ್ನು ಮಧುಸೂದನ್ ಎತ್ತಿಕೊಂಡು ಆಡುವಾಗ, ಮನೆಯ ಸತ್ತವರ ಬಟ್ಟೆಯನ್ನು ಯಾರೋ ಉಟ್ಟುಕೊಂಡು ಬೀದಿಯಲ್ಲಿ ಕುಣಿದಂತೆ ಇರುತ್ತಿತ್ತು. ಆದರೂ ಸೋಮಶೇಖರ ಕೇಕು ತಿಂದಿದ್ದ. ಥ್ಯಾಂಕ್ಸ್ ಎಂದೂ ಹೇಳಿದ್ದ.

ಇವತ್ತಿನ ಭಾನುವಾರಕ್ಕಾಗಿ ಮಧುಸೂದನ್ ವರ್ಷವಿಡೀ ಕಾಯುತ್ತಿದ್ದ. ಅವನು ಪಿಎಚ್‌ಡಿ ಮಾಡಿದ್ದು ಅಮೆರಿಕದ ದಕ್ಷಿಣದ ಒಂದು ಊರಿನಲ್ಲಿ. ಅಲ್ಲಿ ಶನಿವಾರವೆಂದರೆ ಕಾಲೇಜು ಫುಟ್‌ಬಾಲ್, ಹೆಲ್ಮೆಟ್ ತೊಟ್ಟ ಹುಡುಗರು ಮೈಗೆ ಮೈ ಗುದ್ದಿ ಚೆಂಡನ್ನು ಮುಂದೆ ಒಯ್ಯುವ ಆಟ. ಸೀಸನ್ ಮುಗಿದ ಮೇಲೆ ಡಿಸೆಂಬರಿನ ಒಂದು ಭಾನುವಾರ, ಹೋಟೆಲಿನ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತ ಕಮಿಟಿ ತಂಡಗಳಿಗೆ ರ‍್ಯಾಂಕು ಕಟ್ಟುತ್ತದೆ. ಹನ್ನೆರಡು ತಂಡಗಳು ಚಾಂಪಿಯನ್‌ಶಿಪ್ಪಿನ ಪ್ಲೇಆಫ್‌ಗೆ ಹೋಗುತ್ತವೆ. ಉಳಿದವುಗಳಲ್ಲಿ ಗೆದ್ದುಬಂದವನ್ನು ಜೋಡಿ ಮಾಡಿ, ಬೌಲ್ ಎಂದು ಕರೆಯುವ ಕೊನೆಯ ಪಂದ್ಯಗಳಿಗೆ ಹಂಚುತ್ತಾರೆ. ಯಾರು ಒಳಗೆ, ಯಾರು ಹೊರಗೆ, ಯಾರಿಗೆ ಯಾರು ಎದುರು ಎಂದು ಮೊದಲೇ ಹೇಳುವುದು ಅಲ್ಲಿ ಲಕ್ಷಾಂತರ ಜನರ ಹುಚ್ಚು. ಚೆಂಡನ್ನೇ ಮುಟ್ಟದ ಸೋಮಶೇಖರ ಈ ಹುಚ್ಚಿಗೆ ಸಂಖ್ಯಾಶಾಸ್ತ್ರದ ಬಾಗಿಲಿನಿಂದ ಬಂದ. ಆ ಕೋಣೆಯೊಳಗಿನ ಮನಸ್ಸುಗಳು ಹೇಗೆ ವಾಲುತ್ತವೆ ಎಂಬುದನ್ನು ಹಳೆಯ ಸೀಸನ್ನುಗಳ ಅಂಕಿಗಳಿಂದ ಕಲಿತು ಹೇಳುವ ಮಾಡೆಲ್ ಕಟ್ಟಿದ. ಅದರ ಮೇಲೆ ಪೇಪರುಗಳಾದವು. ಪೇಪರಿನಲ್ಲಿ ಮೊದಲ ಹೆಸರು ಮಧುಸೂದನ್‌ನದಾಯಿತು, ಐಡಿಯಾ ಅವನದಲ್ಲವೇ. ವಿಭಾಗದಲ್ಲಿ ಎಲ್ಲರೂ ಮಧುವಿನ ಮಾಡೆಲ್ ಎಂದೇ ಕರೆದರು. ಸೋಮಶೇಖರ ತಿದ್ದಲಿಲ್ಲ. ತಿದ್ದಬೇಕೆಂದು ಬಾಯಿ ತೆರೆದಾಗಲೆಲ್ಲ ತಾನು ಸಣ್ಣವನಾಗಿ ಕಾಣುತ್ತೇನೆ ಎನಿಸಿ ಬಾಯಿ ಮುಚ್ಚಿದ್ದ. ಮುಚ್ಚಿದ ಪ್ರತಿಸಲವೂ ಇನ್ನಷ್ಟು ಸಣ್ಣವನಾಗಿದ್ದ.

ಅಂಕಿ ಸಾಲದೆಂದು ಅವನು ಪಂದ್ಯಗಳನ್ನೂ ನೋಡತೊಡಗಿದ್ದ, ಗಾಯಗಳನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂಬ ನೆಪದಲ್ಲಿ. ನೋಡನೋಡುತ್ತ ಗಾಯಗಳಿಗಾಗಿಯೇ ನೋಡುವಂತಾಯಿತು. ಚೆಂಡಿಗಾಗಿ ಮೇಲೆ ನೋಡುತ್ತ ನೆಗೆದವನ ಪಕ್ಕೆಗೆ ಕೆಳಗಿನಿಂದ ಇನ್ನೊಬ್ಬ ಬಂದು ಬಡಿಯುವ ಗಳಿಗೆ. ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗುವ, ಒಣಗಿದ ತೆಂಗಿನಕಾಯಿ ಒಡೆದಂಥ ಸದ್ದು. ಹುಲ್ಲಿನ ಮೇಲೆ ಬೆನ್ನಡಿಯಾಗಿ ಬಿದ್ದ ಹುಡುಗನ ಕೈಗಳು ಯಾರನ್ನೋ ತಡೆಯುವ ಹಾಗೆ ಗಾಳಿಯಲ್ಲಿ ಸೆಟೆದು ನಿಲ್ಲುವುದು. ಮಿದುಳಿಗೆ ಪೆಟ್ಟಾದರೆ ಕೈಗಳು ಹಾಗೆ ನಿಲ್ಲುತ್ತವಂತೆ. ಅದನ್ನು ಅವನು ಹಿಂದಕ್ಕೆ ಎಳೆದು ಎಳೆದು ನೋಡುತ್ತಿದ್ದ. ನೋಡುವಾಗ ಎದೆಯಲ್ಲಿ ಏಳುತ್ತಿದ್ದುದಕ್ಕೆ ಹೆಸರಿಡಲು ಅವನು ಹೋಗಿರಲಿಲ್ಲ. ಹೆಸರು ಗೊತ್ತಿರಲಿಲ್ಲವೆಂದಲ್ಲ. ಹುಡುಗನಾಗಿದ್ದಾಗ ಬೆಟಗೇರಿಯ ಗರಡಿಯಲ್ಲಿ, ಎಣ್ಣೆ ಮಜ್ಜಿಗೆ ಅರಿಷಿಣ ಕಲಸಿದ ಕೆಮ್ಮಣ್ಣಿನ ಅಂಚಿಗೆ ಕೂತು, ಅಪ್ಪನ ತಮ್ಮ ಕಾಕಾ ಎದುರಾಳಿಯೊಬ್ಬನನ್ನು ಸೊಂಟದ ಮೇಲೆ ಎತ್ತಿ ಒಗೆದದ್ದನ್ನು ನೋಡಿದಾಗಲೇ ಅದು ಎದ್ದಿತ್ತು. ಬಿದ್ದವನ ಹೆಗಲ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು. ಜನ ಕೇಕೆ ಹಾಕಿದರು. ತೆಳ್ಳಗಿದ್ದ ಸೋಮಶೇಖರನನ್ನೂ ಕುಸ್ತಿ ಕಲಿಸುವ ವಸ್ತಾದರು ಮಣ್ಣಿಗಿಳಿಸಿ, ಎದುರಾಳಿಯ ಮಾರಿ ನೋಡಬ್ಯಾಡ, ನಡ ನೋಡು, ನಡ ಎತ್ತಿದರ ಮುಗೀತು ಎಂದು ಕಲಿಸಿದರು. ಅವನು ಎಂದೂ ಯಾರನ್ನೂ ಎತ್ತಲಿಲ್ಲ. ಎಲ್ಲರೂ ಅವನನ್ನೇ ಎತ್ತಿದರು. ಮನೆಗೆ ಬಂದು ಬಾಯೊಳಗಿನ ಮಣ್ಣು ಉಗುಳುವಾಗ ಆ ಮುರಿದ ಹೆಗಲನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತಿದ್ದ.

ಮೈದಾನದ ಅಂಚಿನಲ್ಲಿ ಸೈಕಲ್ ನಿಲ್ಲಿಸಿದಾಗ ಆಟ ಶುರುವಾಗಿತ್ತು. ಇದೂ ಮಧುಸೂದನ್‌ನ ಏರ್ಪಾಡೇ: ರ‍್ಯಾಂಕು ಹೊರಬೀಳುವ ಭಾನುವಾರ ಮಧ್ಯಾಹ್ನ ವಿಭಾಗದವರು ಸೇರಿ ಮೋಜಿಗೆ ಅದೇ ಅಮೆರಿಕದ ಫುಟ್‌ಬಾಲ್ ಆಡುವುದು, ಸಂಜೆ ಅವನ ಮನೆಯಲ್ಲಿ ಬಿಸಿಬೇಳೆಭಾತು ತಿನ್ನುತ್ತ ಟೀವಿಯಲ್ಲಿ ಘೋಷಣೆ ನೋಡುವುದು. ಆಟದಲ್ಲಿ ಯಾರೂ ಯಾರನ್ನೂ ಕೆಡವುವಂತಿಲ್ಲ. ಚೆಂಡು ಹಿಡಿದವನನ್ನು ಎರಡೂ ಕೈಯಿಂದ ಮುಟ್ಟಿದರೆ ಸಾಕು. ಹಿಂದಿನ ದಿನಗಳ ಮಂಜು ಕರಗಿ ಮತ್ತೆ ಹೆಪ್ಪುಗಟ್ಟಿ ನೆಲ ಕಲ್ಲಾಗಿತ್ತು. ಮಧುಸೂದನ್‌ನ ಹೆಂಡತಿ ಸಂಹಿತಾ ಕಾಫಿಯ ಫ್ಲಾಸ್ಕ್ ಹಿಡಿದು ಬೆಂಚಿನ ಬಳಿ ನಿಂತಿದ್ದಳು. ಎರಡನೆಯ ತರಗತಿಯ ಮಗಳು ಇಂಚರಾ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಪ್ಪುಗಟ್ಟಿದ ಹುಲ್ಲನ್ನು ಬೂಟಿನ ತುದಿಯಿಂದ ಮುರಿಯುತ್ತಿದ್ದಳು.

"ಬನ್ನಿ ಸೋಮು, ಲೇಟಾಯ್ತು," ಎಂದಳು ಸಂಹಿತಾ. "ಕಾಫಿ ಕುಡಿದು ಇಳೀತೀರಾ?"

"ಆಮೇಲೆ ಕುಡೀತೀನಿ."

"ಬೇಜಾರಾಗಿದೀರಾ ಅಂತ ಮಧು ಹೇಳ್ತಿದ್ರು. ಇನ್ನೂ ಇಂಟರ್‌ವ್ಯೂ ಇದೆಯಲ್ಲ. ರ‍್ಯಾಂಕ್ ಏನು ಫೈನಲ್ ಅಲ್ಲ."

ಅವಳ ದನಿಯಲ್ಲಿ ಕರುಣೆಯಿತ್ತು. ತಾನು ಬೇಜಾರಾಗಿರುವುದು ಅವರ ಅಡುಗೆಮನೆಯಲ್ಲಿ, ಬೇಳೆಗೆ ಒಗ್ಗರಣೆ ಬೀಳುವಾಗ ಆಡಿಕೊಳ್ಳುವ ಮಾತಾಗಿದೆ ಎಂಬುದು ಅವನಿಗೆ ತಿಳಿಯಿತು. ಜಾಕೆಟ್ ಕಳಚಿ ಬೆಂಚಿನ ಮೇಲಿಟ್ಟು ಮೈದಾನಕ್ಕಿಳಿದ.

ಮಧುಸೂದನ್ ತನ್ನ ಹಳೆಯ ವಿಶ್ವವಿದ್ಯಾಲಯದ ಕೆಂಪು ಜೆರ್ಸಿ ತೊಟ್ಟಿದ್ದ, ಹೊಟ್ಟೆಯ ಮೇಲೆ ಬಿಗಿದುಕೊಂಡಿತ್ತು. ಆಟದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ, ವಿಭಾಗದ ಎತ್ತರದ ಗಡ್ಡದವ ಟೊರ್ಬ್ಯೋರ್ನ್ ಸೋಮಶೇಖರನನ್ನು ಇಂಗ್ಲಿಷಿನಲ್ಲಿ ಕೇಳಿದ, ಮಾಡೆಲ್ ಈ ಸಲ ಏನನ್ನುತ್ತೆ ಎಂದು. ಸೋಮಶೇಖರ ಹೇಳುವ ಮೊದಲೇ ಮಧುಸೂದನ್ ಹೇಳಿದ. ಒಂದು ತಂಡ ಇಡೀ ಸೀಸನ್ ಸೋತಿರಲಿಲ್ಲ, ಆದರೆ ಕೊನೆಗೆ ಅದರ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವ ಹುಡುಗ, ಕಾಲು ಮುರಿದುಕೊಂಡಿದ್ದ. ಮಾಡೆಲ್ ಆ ತಂಡವನ್ನು ಒಳಗಿಟ್ಟಿತ್ತು. ಕಮಿಟಿ ಹೊರಗಿಡುತ್ತದೆ ಎಂದು ಮಧುಸೂದನ್‌ನ ಅಂದಾಜು.

"ಹೊರಗಿಡಲ್ಲ. ಗೆದ್ದಿದಾರೆ ಅವ್ರು," ಎಂದ ಸೋಮಶೇಖರ ಕನ್ನಡದಲ್ಲಿ.

"ಗೆದ್ರೆ ಏನಪ್ಪಾ. ಕಮಿಟಿ ನಿನ್ ನಂಬರ್ ನೋಡಲ್ಲ. ಸ್ಟೇಜ್ ಮೇಲೆ ನಿಲ್ಸಿದ್ರೆ ಯಾರು ಚೆನ್ನಾಗ್ ಕಾಣ್ತಾರೆ ಅಂತ ನೋಡತ್ತೆ. ಯಾವ್ ಕಮಿಟಿನಾದ್ರೂ ಅಷ್ಟೇ." ಮಧುಸೂದನ್ ಅವನ ಹೆಗಲ ಮೇಲೆ ಕೈ ಹಾಕಿ ಅಲುಗಿಸಿದ. ಅದರಲ್ಲಿ ಕೆಡುಕಿರಲಿಲ್ಲ. ಅವನು ಒಳ್ಳೆಯವನೇ; ಸೋಮಶೇಖರ ಮೊದಲ ಸಲ ಬಂದಿಳಿದಾಗ ಮನೆ ಸಿಗುವವರೆಗೆ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದವನು. ಅದೂ ಸೇರಿಯೇ ಆ ಕೈ ಅಷ್ಟು ಭಾರವಾಗಿತ್ತು.

ಆಮೇಲೆ ಚೆಂಡು ಮಧುಸೂದನ್‌ನ ಕೈಗೆ ಬಂತು. ಅವನು ಗೆರೆಯ ಪಕ್ಕದಲ್ಲೇ ಓಡುತ್ತ, ಹಿಂದೆ ಯಾರೂ ಇಲ್ಲದ್ದು ಕಂಡು ನಿಧಾನಿಸಿ, ತಿರುಗಿ ನಿಂತು ಚೆಂಡನ್ನು ಒಂದೇ ಕೈಯಲ್ಲಿ ಆಡಿಸುತ್ತ ಕೂಗಿದ: "ಬಾರಲೇ ಸೋಮ್ಯಾ, ಹಿಡಿ ನೋಡೂಣು."

ಸೋಮಶೇಖರ ಓಡುತ್ತಿದ್ದ. ಕಿವಿಯಲ್ಲಿ ಗಾಳಿಯೂ ನಿಂತಿತ್ತು. ಮುಟ್ಟಿದರೆ ಸಾಕಿತ್ತು, ಅದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಕೈಗಳು ಮುಟ್ಟಲೆಂದೇ ಮೇಲೆದ್ದವು, ಮತ್ತೆ ತಾವಾಗಿ ಕೆಳಗಿಳಿದವು. ನಗುತ್ತಿದ್ದ ಮುಖವನ್ನು ಅವನು ನೋಡಲಿಲ್ಲ. ಜೆರ್ಸಿ ಬಿಗಿದಿದ್ದ ನಡವನ್ನು ನೋಡಿದ. ಹೆಗಲು ಪಕ್ಕೆಯ ಕೆಳಗೆ ಹೊಕ್ಕಿತು, ತೋಳು ತೊಡೆಗಳನ್ನು ಸುತ್ತಿ ಎತ್ತಿತು, ಇಡೀ ದೇಹ ಹಗುರಾಗಿ ನೆಲ ಬಿಟ್ಟು ಮೇಲೆ ಬಂತು, ಅಷ್ಟು ಸುಲಭವಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಇಬ್ಬರೂ ಒಟ್ಟಿಗೆ ಬಿದ್ದರು. ಮಧುಸೂದನ್‌ನ ತಲೆಯ ಹಿಂಭಾಗ ಹೆಪ್ಪುಗಟ್ಟಿದ ನೆಲಕ್ಕೆ ಬಡಿದ ಸದ್ದು ಸೋಮಶೇಖರನ ಎದೆಯ ಮೂಲಕ ಕೇಳಿಸಿತು. ಅಷ್ಟಕ್ಕೇ ನಿಂತಿದ್ದರೆ ಅದು ಆಟದಲ್ಲಿ ಆದ ಅನಾಹುತ. ಅವನ ಕೆಳಗೆ ಮಧುಸೂದನ್‌ನ ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಬಾಯಿ ಮಾತ್ರ ಇನ್ನೂ ಆ ಕೂಗಿನ ಆಕಾರದಲ್ಲೇ ಅರ್ಧ ತೆರೆದಿತ್ತು. ಆ ಬಾಯಿಯನ್ನು ಮುಚ್ಚಬೇಕೆನಿಸಿತು. ಯೋಚಿಸಲು ಸಮಯವಿತ್ತು, ಉಸಿರೊಂದನ್ನು ಪೂರಾ ಎಳೆದುಕೊಳ್ಳುವಷ್ಟು. ಎಳೆದುಕೊಂಡ. ಮೊಣಕೈಯನ್ನು ಎತ್ತಿ ಮುಖದ ನಡುವಿಗೆ ಇಳಿಸಿದ. ಮೂಗಿನ ಮೂಳೆ ಒಳಗೆ ಕುಸಿದದ್ದು ಮೊಣಕೈಗೆ ಗೊತ್ತಾಯಿತು. ಬಿಸಿ ನೆತ್ತರು ತೋಳಿನ ಬಟ್ಟೆಯನ್ನು ಹೊಕ್ಕಿತು. ಮೇಲೆದ್ದಾಗ ಮಧುಸೂದನ್‌ನ ಎರಡೂ ಕೈಗಳು ಗಾಳಿಯಲ್ಲಿ ಸೆಟೆದು ನಿಂತಿದ್ದವು.

ಉಳಿದವರಿಗೆ ಕಂಡದ್ದು ಸೋಮಶೇಖರನ ಬೆನ್ನು ಮಾತ್ರ. ಸಂಹಿತಾ ಫ್ಲಾಸ್ಕ್ ಕೈಬಿಟ್ಟು ಓಡಿಬಂದಳು. ಟೊರ್ಬ್ಯೋರ್ನ್ ಆಂಬುಲೆನ್ಸಿಗೆ ಫೋನ್ ಮಾಡಿದ. ಯಾರೋ ಜಾಕೆಟ್ ಹೊದಿಸಿದರು, ಯಾರೋ ನೆಲ ಕಲ್ಲಾಗಿದೆ, ಆಡಲೇಬಾರದಿತ್ತು ಎಂದರು, ಯಾರೋ ಸೋಮಶೇಖರನನ್ನು ಹಿಡಿದು ಕೂರಿಸಿ, ನಿನಗೇನೂ ಆಗಿಲ್ಲವಲ್ಲ ಎಂದು ಕೇಳಿದರು. ಆ ಗದ್ದಲದಲ್ಲಿ ಇಂಚರಾ ಕೂತಲ್ಲಿಂದ ಎದ್ದಿರಲಿಲ್ಲ. ಬಿದ್ದವರ ಮುಖದ ಎತ್ತರಕ್ಕೇ ಅವಳ ಕಣ್ಣಿದ್ದದ್ದು. ಅವಳು ಸ್ವೀಡಿಷ್‌ನಲ್ಲಿ, ದೊಡ್ಡ ದನಿಯೇನೂ ತೆಗೆಯದೆ ಹೇಳಿದಳು: "ಅವನು ಅಪ್ಪನಿಗೆ ಹೊಡೆದ. ಬಿದ್ದ ಮೇಲೆ ಹೊಡೆದ."

"ಇಲ್ಲ ಪುಟ್ಟಿ," ಎಂದ ಟೊರ್ಬ್ಯೋರ್ನ್ ಮಂಡಿಯೂರಿ ಅವಳದೇ ಭಾಷೆಯಲ್ಲಿ. "ಇಬ್ಬರೂ ಬಿದ್ದರು. ಡಿಕ್ಕಿ ಅಷ್ಟೇ. ನೀನು ಹೆದರಿದ್ದೀಯ."

ಅವಳು ಸೋಮಶೇಖರನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ತೋಳಿನ ಮೇಲಿನ ರಕ್ತವನ್ನು ನೋಡಿದ.

ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಕೂತಾಗ ಕಿಟಕಿಗಳಾಚೆ ಆಗಲೇ ಕತ್ತಲಾಗಿತ್ತು. ಒಳಗೆ ಸ್ಕ್ಯಾನ್ ಮಾಡಿದ್ದರು. ಮಿದುಳಿನಲ್ಲಿ ರಕ್ತ ಒಸರಿಲ್ಲ, ಆದರೆ ಪೆಟ್ಟು ಜೋರಾಗಿದೆ, ಮೂಗು ಮುರಿದಿದೆ, ಸದ್ಯಕ್ಕೆ ಏನು ಹೇಳಿದರೂ ನೆನಪು ನಿಲ್ಲುತ್ತಿಲ್ಲ, ಒಂದೆರಡು ದಿನದಲ್ಲಿ ಸರಿಹೋಗಬಹುದು ಎಂದು ಸಂಹಿತಾ ಬಂದು ಹೇಳಿದಳು. ಅವಳ ತುಟಿ ಬೆಳ್ಳಗಾಗಿತ್ತು. ಸೋಮಶೇಖರ ಯಾಕೆ ಇಲ್ಲಿಗೆ ಬಂದ? ಬರದಿದ್ದರೆ ಅನುಮಾನ ಬರುತ್ತದೆಂದೋ, ಅಥವಾ ತಾನು ಮಾಡಿದ್ದು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡುವ ಆ ಹಳೆಯ ಚಪಲದಿಂದಲೋ, ಅವನಿಗೇ ತಿಳಿಯಲಿಲ್ಲ. ಇಂಚರಾ ಎದುರಿನ ಸಾಲಿನ ಕೊನೆಯ ಕುರ್ಚಿಯಲ್ಲಿದ್ದಳು. ಹತ್ತಿರ ಬಾ ಎಂದು ಟೊರ್ಬ್ಯೋರ್ನ್ ಕರೆದರೂ ಬರಲಿಲ್ಲ.

"ನರ್ಸ್ ಮುಂದೆನೂ ಅದನ್ನೇ ಹೇಳಿದಾಳೆ," ಎಂದಳು ಸಂಹಿತಾ, ದಣಿದ ದನಿಯಲ್ಲಿ. "ಅವ್ರು ನನ್ನನ್ನ ಕೂರಿಸ್ಕೊಂಡು ಕೇಳ್ತಾರೆ, ಏನಾಯ್ತು, ಯಾರು ಹೊಡೆದ್ರು ಅಂತ. ನಂಗೆ ಎಷ್ಟು ಎಂಬ್ಯಾರಸಿಂಗ್ ಆಯ್ತು ಗೊತ್ತಾ. ಸೋಮು, ನೀವು ತಪ್ಪು ತಿಳ್ಕೋಬೇಡಿ. ಮಗು ಅದು." ಆಮೇಲೆ ಮಗಳ ಕಡೆ ತಿರುಗಿ, "ಇಂಚರಾ, ಬಾ ಇಲ್ಲಿ. ಅಂಕಲ್‌ಗೆ ಸಾರಿ ಹೇಳು. ನೋಡದೇ ಇರೋದನ್ನ ನೋಡಿದೆ ಅಂತ ಹೇಳಬಾರದು."

"ನಾನು ಸುಳ್ಳು ಹೇಳ್ತಿಲ್ಲ," ಎಂದಳು ಹುಡುಗಿ, ಸ್ವೀಡಿಷ್‌ನಲ್ಲೇ.

"ಇಂಚರಾ."

ಟೊರ್ಬ್ಯೋರ್ನ್ ಬೇರೇನೂ ಮಾಡಲು ತೋಚದೆ ಫೋನ್ ನೋಡುತ್ತಿದ್ದ. ಅಮೆರಿಕದಲ್ಲಿ ಘೋಷಣೆ ಶುರುವಾಗಿತ್ತು. ಅವನು ಫೋನನ್ನು ಸೋಮಶೇಖರನ ಕಡೆ ವಾಲಿಸಿದ. ಸದ್ದಿಲ್ಲದ ಪರದೆಯ ಮೇಲೆ ಹೊಳೆಯುವ ಸೂಟು ತೊಟ್ಟ ಗಂಡಸರು ನಗುತ್ತಿದ್ದರು, ತಂಡಗಳ ಗುರುತುಗಳು ಒಂದೊಂದಾಗಿ ಬಂದು ಪಟ್ಟಿಯಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂರುತ್ತಿದ್ದವು. ಕಾಲು ಮುರಿದ ಹುಡುಗನ ತಂಡ ಒಳಗಿತ್ತು. ಮಾಡೆಲ್ ಹೇಳಿದ ಜಾಗದಲ್ಲೇ, ಹೇಳಿದ ಎದುರಾಳಿಯ ಮುಂದೆಯೇ. ಒಂದೂ ತಪ್ಪಿರಲಿಲ್ಲ. ಸೋಮಶೇಖರನ ಎದೆಯಲ್ಲಿ ಖುಷಿ ಎದ್ದಿತು, ತಡೆಯಲು ಆಗದಷ್ಟು ಜೋರಾಗಿ, ಮಕ್ಕಳಿಗೆ ಏಳುವ ಹಾಗೆ. ಅಭಿನಂದನೆ ಎಂದು ಟೊರ್ಬ್ಯೋರ್ನ್ ಪಿಸುಗುಟ್ಟಿ ಅವನ ಬೆನ್ನು ತಟ್ಟಿದ. ಅವನು ಮುಗುಳ್ನಕ್ಕ. ಆ ನಗು ಮುಖದ ಮೇಲಿರುವಾಗಲೇ ಇಂಚರಾ ಎದುರಿಗೆ ಬಂದು ನಿಂತಿದ್ದಳು. ಅಮ್ಮ ಹಿಂದಿನಿಂದ ಅವಳ ಹೆಗಲು ಹಿಡಿದಿದ್ದಳು.

"ಸಾರಿ," ಎಂದಳು ಹುಡುಗಿ.

"ಪರವಾಗಿಲ್ಲ ಪುಟ್ಟಾ," ಎಂದ ಅವನು.

ಅಂದುಬಿಟ್ಟ ಮೇಲೆ ಅದು ಹಿಂದಕ್ಕೆ ಬರಲಿಲ್ಲ. ಹುಡುಗಿ ಅಳಲಿಲ್ಲ. ತನ್ನ ಕಣ್ಣು ತನಗೇ ಸುಳ್ಳು ಹೇಳಿರಬಹುದೇ ಎಂದು ಯೋಚಿಸುವವಳಂತೆ ಒಂದು ಕ್ಷಣ ರೆಪ್ಪೆ ಬಡಿದು, ವಾಪಸು ಹೋಗಿ ಕೂತಳು. ಅದನ್ನು ನೋಡಿದ ಸೋಮಶೇಖರನಿಗೆ ಮೈದಾನದಲ್ಲಿ ಆಗದಿದ್ದುದು ಇಲ್ಲಿ ಆಯಿತು. ಎದ್ದು ಟಾಯ್ಲೆಟ್ಟಿಗೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ತೊಳೆದು ಹೊರಬಂದಾಗ ನರ್ಸ್, ರೋಗಿ ನಿನ್ನ ಹೆಸರು ಹೇಳುತ್ತಿದ್ದಾರೆ, ಸ್ವಲ್ಪ ಹೊತ್ತು ಒಳಗೆ ಬರಬಹುದು ಎಂದಳು.

ಪರದೆಯ ಹಿಂದೆ ಮಧುಸೂದನ್ ಮಲಗಿದ್ದ. ಕೆಂಪು ಜೆರ್ಸಿಯನ್ನು ಕತ್ತರಿಸಿ ತೆಗೆದಿದ್ದರು. ಮುಖ ಊದಿ, ಕಣ್ಣಿನ ಕೆಳಗೆ ಕಪ್ಪು ಹರಡಿತ್ತು, ಮೂಗಿನ ಹೊಳ್ಳೆಗಳಿಗೆ ಬಟ್ಟೆ ತುರುಕಿದ್ದರು.

"ಸೋಮು," ಎಂದ ಬಾಯಿಯಿಂದ ಉಸಿರಾಡುತ್ತ. "ಬಂದ್ಯಾ. ನಂಗೇನಾಯ್ತೋ?"

"ಬಿದ್ರಿ."

"ಹೌದಾ. ಇವತ್ತು ಸೆಲೆಕ್ಷನ್ ಅಲ್ವಾ? ಆ ಟೀಮು ಒಳಗಾ, ಹೊರಗಾ?"

"ಒಳಗೆ."

"ನಿನ್ ಮಾಡೆಲ್ ಕಣೋ," ಎಂದ ಮಧುಸೂದನ್, ಸಂತೋಷದಿಂದ ಕಣ್ಣು ಮುಚ್ಚಿ. "ನಿನ್ದೇ." ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ. ಹೊಸದಾಗಿ ನೋಡಿದ. "ಸೋಮು. ಬಂದ್ಯಾ. ನಂಗೇನಾಯ್ತೋ?"

ನಿನ್ನದೇ ಎಂಬ ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಅದು ಈಗ, ಕೇಳಿದವನ ಹೊರತು ಯಾರಿಗೂ ನೆನಪಿರದ ಹಾಗೆ ಬಂದು ಹೋಗಿತ್ತು. ಹೇಳಿದರೂ ನಿಲ್ಲುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಯಾವುದನ್ನು ಹೇಳಿದರೂ. ತೇಯ್ದು ತೇಯ್ದು ಹೋದವೆಂದುಕೊಂಡಿದ್ದ ಮಾತುಗಳು ಗಂಟಲಿನ ಯಾವುದೋ ಅಡಿಯಿಂದ ಎದ್ದು ಬಂದವು.

"ನಾನ ಹೊಡದೀನ್ರಿ," ಎಂದ. "ಬೇಕಂತನ ಹೊಡದೀನಿ. ಬಿದ್ದ ಮ್ಯಾಲೂ ಹೊಡದೀನಿ."

ಮಧುಸೂದನ್‌ನ ಮುಖ ನಿಧಾನವಾಗಿ ಅದನ್ನು ಒಳಗೆ ಬಿಟ್ಟುಕೊಂಡಿತು. ಊದಿದ ರೆಪ್ಪೆಗಳ ನಡುವೆ ಭಯ ಕಂಡಿತು, ಬೆತ್ತಲೆ ಭಯ. ಹಾಸಿಗೆಯಲ್ಲಿ ಹಿಂದೆ ಸರಿಯಲು ಮೊಣಕೈ ಊರಿದ, ಆಗಲಿಲ್ಲ. "ಯಾಕೋ," ಎಂದ. "ನಾನೇನ್ ಮಾಡ್ದೆ ನಿಂಗೆ." ಸೋಮಶೇಖರನ ಎದೆಯ ಮೇಲಿನ ಭಾರ ಇಳಿದು ಹಗುರಾಗಿ, ಆ ಹಗುರಿಗೆ ಕಣ್ಣೀರು ಬಂತು. ಅಷ್ಟರಲ್ಲಿ ಹಾಸಿಗೆಯಲ್ಲಿನ ಭಯ ಸಡಿಲಿ, ಅಳಿಸಿಹೋಗಿ, ಮುಖ ಮತ್ತೆ ಖಾಲಿಯಾಯಿತು.

"ಸೋಮು. ಬಂದ್ಯಾ. ಅಳ್ತಿದೀಯೇನೋ? ನಂಗೇನಾಯ್ತು?"

ಅವನು ಮತ್ತೆ ಹೇಳಿದ. ಹೇಳಬಾರದೆಂದು ಗೊತ್ತಿದ್ದೂ ಹೇಳಿದ. ಭಯ ಮತ್ತೆ ಹೊಸದಾಗಿ ಬಂತು, ಮೊದಲಿನಷ್ಟೇ ಪೂರಾ. ಮೊಣಕೈ ಮತ್ತೆ ಊರಿತು, ಮತ್ತೆ ಸೋತಿತು. ಪಶ್ಚಾತ್ತಾಪವೆಂದುಕೊಂಡು ತಾನು ಹಾಸಿಗೆಗೆ ಬಿದ್ದವನ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಹಾಕುತ್ತಿದ್ದೇನೆ, ಅದರ ಸುಖಕ್ಕೆ ಕಣ್ಣೀರಿಡುತ್ತಿದ್ದೇನೆ ಎಂದು ಅರಿವಾದಾಗ ಅವನು ಬಾಯಿಗೆ ಕೈ ಅಡ್ಡ ಹಿಡಿದು ತಿರುಗಿದ. ಪರದೆಯನ್ನು ಸರಿಸಿ ಹಿಡಿದು ಸಂಹಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೆಂದು ಕೇಳುವ ಅಗತ್ಯವಿರಲಿಲ್ಲ.

ಅವಳು ಕೂಗಲಿಲ್ಲ. ಗಂಡನ ಬಳಿ ಹೋಗಿ, ಏನಿಲ್ಲ ಮಧು, ಬಿದ್ರಿ ಅಷ್ಟೇ, ನಾನಿದೀನಿ ಎಂದು ಅವನ ಹಣೆ ಸವರಿ, ಆ ಮುಖ ಶಾಂತವಾಗುವವರೆಗೆ ಕಾದಳು. ಆಮೇಲೆ ಸೋಮಶೇಖರನ ಕಡೆ ನೋಡದೆಯೇ ಹೇಳಿದಳು:

"ನನ್ನ ಮಗಳ ಕೈಲಿ ಸಾರಿ ಹೇಳ್ಸಿದೆ ನಾನು. ನೀವು ಪರವಾಗಿಲ್ಲ ಅಂದ್ರಿ."

"ಸಂಹಿತಾ..."

"ನನ್ನ ಹತ್ರ ಬೇಡ. ಅವಳ ಹತ್ರ ಹೋಗಿ ಹೇಳಿ. ಅವಳಿಗೆ ಅರ್ಥ ಆಗೋ ಹಾಗೆ ಹೇಳಿ. ಪೊಲೀಸ್‌ಗೆ ನಾನು ಫೋನ್ ಮಾಡ್ತೀನಿ."

ಅವನು ಹೊರಗೆ ಬಂದ. ಟೊರ್ಬ್ಯೋರ್ನ್ ನಗುಮುಖದಿಂದ ಏನೋ ಕೇಳಲು ಹೋಗಿ ಇವನ ಮುಖ ನೋಡಿ ನಿಲ್ಲಿಸಿದ. ಸೋಮಶೇಖರ ಕೊನೆಯ ಕುರ್ಚಿಯವರೆಗೆ ನಡೆದು, ಇನ್ನೂ ಸ್ವಲ್ಪ ದೂರವಿರುವಾಗಲೇ ನೆಲದ ಮೇಲೆ ಮಂಡಿಯೂರಿ ಕೂತ. ಸಂಜೆಯ ತರಗತಿಯಲ್ಲಿ ಕಲಿತ ಹರಕು ಸ್ವೀಡಿಷ್‌ನಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದ: ನಾನು ನಿನ್ನ ಅಪ್ಪನಿಗೆ ಹೊಡೆದೆ. ಅವರು ಬಿದ್ದ ಮೇಲೆ ಹೊಡೆದೆ. ನೀನು ನೋಡಿದ್ದು ನಿಜ. ನೀನು ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.

ಹಿಂದೆ ಟೊರ್ಬ್ಯೋರ್ನ್ ಎದ್ದು ನಿಂತ ಸದ್ದಾಯಿತು. ಇಂಚರಾ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು. ಯಾಕೆ ಹೊಡೆದೆ ಎಂದು ಕೇಳುತ್ತಾಳೆ ಎಂದು ಅವನು ಹೆದರಿದ್ದ. ಅದಕ್ಕೆ ಯಾವ ಭಾಷೆಯಲ್ಲೂ ಅವನ ಬಳಿ ಪದಗಳಿರಲಿಲ್ಲ. ಅವಳು ಅದನ್ನು ಕೇಳಲಿಲ್ಲ.

"ನನಗೂ ಹೊಡೀತೀಯಾ?" ಎಂದು ಕೇಳಿದಳು.

"ಇಲ್ಲ," ಎಂದ. ಅದು ಬಾಯಿಂದ ಬಂದದ್ದೇ ಅದರ ಬೆಲೆ ಎಷ್ಟೆಂದು ಇಬ್ಬರಿಗೂ ಗೊತ್ತಾಯಿತು. ಅವಳು ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು. ತೋಳಿನ ಮೇಲೆ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅವಳಿಗೆ ಕಾಣದಿರಲೆಂದು ಅವನು ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದ.

"ಬೇಡ," ಎಂದಳು ಇಂಚರಾ. "ಕೈ ನನಗೆ ಕಾಣೋ ಹಾಗೆ ಇಟ್ಕೋ."

ಅವನು ಕೈಗಳನ್ನು ಮುಂದಕ್ಕೆ ತಂದು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟ. ಪೊಲೀಸರು ಬರುವವರೆಗೂ ಅವಳು ಅವುಗಳ ಮೇಲಿನ ಕಣ್ಣು ತೆಗೆಯಲಿಲ್ಲ, ಅವನು ಅಲುಗಾಡಲಿಲ್ಲ.